ಆರು ಕಡತ, ಒಂದೇ ಓಣಿ

ಕೀಚ್, ಕೀಚ್. ಎಣ್ಣೆ ಕಾಣದ ಚಕ್ರದ ಸದ್ದು ಪಡಸಾಲೆಯ ತುದಿಯಲ್ಲಿ ಕೇಳಿದರೆ ಸಾಕು, ಕಡತದಕ್ಕನಿಗೆ ಮೈ ಉರಿಯುತ್ತಿತ್ತು. ಆಸ್ಪತ್ರೆಯಿಂದ ಮನೆಗೆ ಹೋದವರ ಕಡತಗಳನ್ನು ಹೊತ್ತು ತರುವ ಗಾಡಿ ಅದು. ಅವನ್ನೆಲ್ಲ ಓದಿ, ಪ್ರತಿ ಕಾಯಿಲೆಗೂ ದಪ್ಪ ಪುಸ್ತಕದಿಂದ ಕೋಡ್ ಹುಡುಕಿ ಹಚ್ಚುವುದು ಅವಳ ಕೆಲಸ. ನೆಲಮಾಳಿಗೆಯ ಆ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಕೂತು, ಡಾಕ್ಟರರ ಅಕ್ಷರವನ್ನಷ್ಟೇ ಅಲ್ಲ, ಅವರ ಸೋಮಾರಿತನವನ್ನೂ ಓದಲು ಕಲಿತಿದ್ದಳು.

“ನಿನ್ನ ಮೂಗಿನ ತುದಿಯ ಸಿಟ್ಟಿಗೂ ಒಂದು ಕೋಡ್ ಇರಬೇಕಲ್ಲೇ?” ಎಂದು ದರ್ಜಿ ಗಂಡ ರೇಗಿಸುತ್ತಿದ್ದ.

“ಇದೆ. ಗಂಡನಿಂದ ಅಂಟಿದ್ದು ಅಂತ ಬೇರೆ ಪುಟದಲ್ಲೇ ಇದೆ” ಎನ್ನುತ್ತಿದ್ದಳು.

ಅವತ್ತು ಗಾಡಿಯಲ್ಲಿ ಜ್ವರದ ಕಡತಗಳು ಆರು. ಆರಕ್ಕೂ ಒಂದೇ ಓಣಿಯ ವಿಳಾಸ. ಆರರಲ್ಲೂ ರಕ್ತದ ವರದಿ ಡೆಂಗಿ ಎಂದು ಬಾಯಿಬಿಟ್ಟು ಹೇಳುತ್ತಿತ್ತು. ಡಾಕ್ಟರು ಮಾತ್ರ ಆರರಲ್ಲೂ ಗೀಚಿದ್ದು ‘ವೈರಲ್ ಜ್ವರ’. ಆರನೆಯ ಕಡತ ಅವಳ ತಂಗಿಯ ಗಂಡನದು. ಆ ಮನೆಯ ತೊಟ್ಟಿಲಲ್ಲಿ ಮೂರು ತಿಂಗಳ ಕೂಸಿತ್ತು. ಅದರ ಮುಷ್ಟಿ ಇನ್ನೂ ಸರಿಯಾಗಿ ಬಿಚ್ಚಿರಲಿಲ್ಲ.

ವರದಿ ಏನೇ ಹೇಳಲಿ, ಡಾಕ್ಟರು ಬರೆಯದ ಕಾಯಿಲೆಗೆ ಕೋಡ್ ಹಚ್ಚುವಂತಿಲ್ಲ. ಅನುಮಾನವಿದ್ದರೆ ಹಳದಿ ಚೀಟಿ ಕಳಿಸಿ ಕೇಳಬೇಕು. ಬೆಳಿಗ್ಗೆ ಹೋದ ಆರು ಚೀಟಿಗಳೂ ಮಧ್ಯಾಹ್ನ ಮರಳಿದವು. ಒಂದರ ಮೇಲೆ ಕಾಫಿ ಲೋಟದ ಗುರುತು, ಎಲ್ಲದರ ಮೇಲೂ ‘ನೋಡಿದೆ’. ಏನು ನೋಡಿದನೋ ಪುಣ್ಯಾತ್ಮ! ವಾರದ ಪಟ್ಟಿ ಐದು ಗಂಟೆಗೆ ಆರೋಗ್ಯ ಕಚೇರಿಗೆ ಹೋಗುತ್ತದೆ. ಅದರಲ್ಲಿ ಡೆಂಗಿ ಇದ್ದರೆ ನಾಳೆಯೇ ಓಣಿಗೆ ಜನ ಬಂದು ತೊಟ್ಟಿ, ಡ್ರಮ್ಮು ಬಗ್ಗಿಸಿ ಸೊಳ್ಳೆಮರಿ ಚೆಲ್ಲುತ್ತಾರೆ. ಇಲ್ಲದಿದ್ದರೆ ಇನ್ನೊಂದು ವಾರ ಅಲ್ಲಿ ಸೊಳ್ಳೆಗಳದೇ ಕಾರುಬಾರು.

ತಾನೇ ಡೆಂಗಿಯ ಕೋಡ್ ಹಚ್ಚಿಬಿಟ್ಟರೆ ಕೇಳುವವರಿರಲಿಲ್ಲ. ಪೆನ್ನು ಎತ್ತಿದಳು, ಇಟ್ಟಳು. ಡಾಕ್ಟರರಂತೆ ತಾನೂ ಅಡ್ಡದಾರಿ ಹಿಡಿದರೆ ಅವರನ್ನು ಬೈಯುವ ಬಾಯಿ ತನಗೆಲ್ಲಿ ಉಳಿಯುತ್ತದೆ?

ನಾಲ್ಕೂಕಾಲಿಗೆ ದಾಖಲೆ ವಿಭಾಗದ ಮೇಲ್ವಿಚಾರಕ ಬಂದು ಬಾಗಿಲಿಗೆ ಒರಗಿದ. ಯಾವುದಾದರೊಂದಕ್ಕೆ ಒರಗದೆ ಅವನು ನಿಂತದ್ದನ್ನು ಯಾರೂ ಕಂಡಿರಲಿಲ್ಲ.

“ಏನಮ್ಮಾ, ಇನ್ನೂ ಆರು ಬಾಕಿನಾ? ಕಾರಣ ಗೊತ್ತಿಲ್ಲದ ಜ್ವರ ಅಂತ ಹಾಕಿ ಕೈ ತೊಳ್ಕೊಳ್ಳಿ.”

“ಗೊತ್ತಿಲ್ಲ ಅಂತ ಹಾಕೋಕೆ ಗೊತ್ತಿರಬಾರದಲ್ಲ, ಸಾರ್.”

“ನಿಮಗೆ ಗೊತ್ತಿದ್ದರೆ ಏನು ಬಂತು? ಡಾಕ್ಟರು ಬರೀಬೇಕು.”

“ಬರೆಯೋಕೆ ಕೈಗೇನಾಗಿದೆ ಅವರಿಗೆ? ಅದಕ್ಕೂ ಒಂದು ಕೋಡ್ ಹುಡುಕಲಾ?”

“ದೊಡ್ಡವರಮ್ಮ ಅವರು. ಪಾಪ, ದಿನಕ್ಕೆ ಎಂಬತ್ತು ಜನರನ್ನ ನೋಡ್ತಾರೆ.”

“ನೋಡ್ತಾರೆ ಸಾರ್. ಚೀಟಿ ಮೇಲೆ ಅದನ್ನೇ ಬರೆದಿದ್ದಾರೆ.”

ಅವಳು ಆರು ಕಡತಗಳನ್ನೂ ಎದೆಗೆ ಒತ್ತಿಕೊಂಡು ಎದ್ದಳು. ಅವನು ಮೊದಲ ಸಲ ಬಾಗಿಲು ಬಿಟ್ಟು ನೆಟ್ಟಗೆ ನಿಂತ.

“ಎಲ್ಲಿಗೆ? ಕಡತ ಈ ಕೋಣೆ ದಾಟಬಾರದು!”

“ಮೂರನೇ ಮಹಡಿಗೆ. ಅವರು ಬರೆಯೋವರೆಗೂ ಎದುರಿಗೇ ನಿಂತಿರ್ತೀನಿ.”

“ಹಾಗೆಲ್ಲ ಆಗಲ್ಲಮ್ಮ. ಮೊದಲು ಒಂದು ಅರ್ಜಿ ಬರೀಬೇಕು, ಅದಕ್ಕೆ ನನ್ನ ಸಹಿ, ಆಮೇಲೆ ಅವರು ಪುರುಸೊತ್ತಾದಾಗ...”

ಅವನು ಬೆರಳು ಮಡಚುತ್ತಲೇ ಇದ್ದ. ಅವಳು ಅವನ ಪಕ್ಕದಿಂದ ಹಾದು ಮೆಟ್ಟಿಲು ಹತ್ತತೊಡಗಿದ್ದಳು.