ತಿರುವಿನಾಚೆಯ ದಾರಿ

ಮಗಳ ಗ್ರಾಫ್ ಪುಸ್ತಕ ಮೊನ್ನೆ ಕೈಗೆ ಸಿಕ್ಕಿತು. ಆ ಹಸಿರು ಚೌಕಗಳನ್ನು ಕಂಡದ್ದೇ ತಡ, ಕೊಳ್ಳೇಗಾಲದ ಕಂಪ್ಯೂಟರ್ ಸೆಂಟರಿನಲ್ಲಿ ನನಗೆ ಪಾಠ ಹೇಳಿಕೊಟ್ಟ ಅಕ್ಕ ನೆನಪಾದರು...

2003ರ ಸುಮಾರು. ಡಿಗ್ರಿ ಮುಗಿಸಿ ಅಲ್ಲಿಗೆ ಸೇರಿದ್ದೆ. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಅಕ್ಕನ ಎಡಗಾಲು ಸೋತಿತ್ತು, ಕೋಲಿಲ್ಲದೆ ನಡೆಯಲಾಗುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಅವರು ಕಂಪ್ಯೂಟರಿನಲ್ಲಿ ತಾವೇ ಒಂದು ಗೇಮ್ ತಯಾರಿಸುತ್ತ ಕೂರುತ್ತಿದ್ದರು. ಹನೂರಿನಿಂದ ಹೊರಟ ಹುಡುಗಿಯೊಬ್ಬಳು ಕಾಡು ದಾಟಿ ಮಾದಪ್ಪನ ಬೆಟ್ಟ ಸೇರಬೇಕು. ದಾರಿಯಲ್ಲಿ ಎತ್ತ ಬೇಕಾದರೂ ಅಲೆಯಬಹುದು. ಅದರ ನಕ್ಷೆಯನ್ನು ಮೊದಲು ಗ್ರಾಫ್ ಹಾಳೆಗಳ ಮೇಲೆ ಬರೆದು, ಒಂದಕ್ಕೊಂದು ಅಂಟಿಸುತ್ತಿದ್ದರು. ಬಿಡಿಸಿದರೆ ಮೂರು ಮೇಜು ಮುಚ್ಚುತ್ತಿತ್ತು.

ಮೊದಲು ಆಡಿದವಳು ನಾನೇ. ಗುಂಡಿ ಒತ್ತಿ ಒತ್ತಿ ಬೆರಳು ನೋಯಿತು. ಮರ, ಮರ, ಮತ್ತೆ ಮರ.

"ಬೇಜಾರಾಯ್ತದೆ ಕಣಕ್ಕ," ಎಂದುಬಿಟ್ಟೆ.

ಅಕ್ಕನ ಮುಖ ಸಣ್ಣಗಾಯಿತು. "ನೀ ವರ್ಸವೂ ಬೆಟ್ಟಕ್ಕೆ ನಡ್ಕಂಡೇ ಓಯ್ತೀಯಲ್ಲ, ಅಲ್ಲಿ ಬೇಜಾರಾಗಲ್ವಾ?"

"ತಿರುವಿನಾಚೆ ಏನದೋ ಅಂತ ಕಾಲೇ ಎಳ್ಕಂಡ್ ಓಯ್ತದೆ ಅಕ್ಕ."

ಆ ವಾರವೇ ನಕ್ಷೆಯನ್ನು ಒಂದು ಮೇಜಿನಷ್ಟಕ್ಕೆ ಕತ್ತರಿಸಿದರು. ಒಂದು ತಿರುವಿಗೆ ಕೊಳ, ಇನ್ನೊಂದಕ್ಕೆ ನವಿಲು, ಮತ್ತೊಂದಕ್ಕೆ ದಣಿದು ಕೂತ ಮುದುಕಿಯನ್ನು ಇಟ್ಟರು. ಆದರೆ ಈಗ ಹತ್ತೇ ನಿಮಿಷಕ್ಕೆ ಬೆಟ್ಟದ ಬುಡ ಬಂದುಬಿಡುತ್ತಿತ್ತು. "ಇದು ಕಾಡಲ್ಲ, ಹಿತ್ಲು," ಎಂದು ಅವರೇ ತಲೆ ಕೊಡವಿದರು.

ಒಂದು ಭಾನುವಾರ, "ನಾನೇ ಒಂದ್ ತಿರುವು ನಡ್ದು ನೋಡ್ಬೇಕು, ಬಾ," ಎಂದರು. ಮಾದಪ್ಪನ ಬೆಟ್ಟಕ್ಕೆ ಕಾಲುದಾರಿ ಶುರುವಾಗುವ ತಾಳಬೆಟ್ಟದಲ್ಲಿ ಬಸ್ಸಿಳಿದೆವು. ನಾನು ಐದು ನಿಮಿಷಕ್ಕೆ ಮುಗಿಸುವ ದಾರಿ ಅವರಿಗೆ ಒಂದು ಗಂಟೆ ಹಿಡಿಯಿತು. ಕೈ ಹಿಡಿಯಲು ಹೋದರೆ ಬೇಡವೆಂದರು. ಬಂಡೆಯ ಮೇಲಿನ ಓತಿಕ್ಯಾತ, ಬಿದಿರಿನ ಕಿರಗುಟ್ಟುವ ಸದ್ದು, ಯಾರೋ ಬಿಟ್ಟುಹೋದ ಒಂಟಿ ಚಪ್ಪಲಿ... ಇಷ್ಟು ವರ್ಷ ನನ್ನ ಕಣ್ಣಿಗೆ ಬೀಳದ್ದನ್ನೆಲ್ಲ ಅವರು ನಿಂತು ನಿಂತು ನೋಡಿದರು. ತಿರುವಿನಾಚೆ ಇದ್ದದ್ದು ಇನ್ನೊಂದು ತಿರುವು. ಬೆವರು ಒರೆಸಿಕೊಳ್ಳುತ್ತ ಜೋರಾಗಿ ನಕ್ಕರು.

"ಕಾಡ ದೊಡ್ಡದು ಮಾಡೋದ್ ಬ್ಯಾಡ ಕಣೇ. ನಡಿಗೆ ನಿಧಾನ ಮಾಡುದ್ರೆ ಸಾಕು."

ಮರುದಿನ ಗೇಮಿನ ಹುಡುಗಿಯ ಹೆಜ್ಜೆಯನ್ನು ತಮ್ಮ ಹೆಜ್ಜೆಗೆ ಇಳಿಸಿದರು. ಅದೇ ಒಂದು ಮೇಜಿನ ನಕ್ಷೆ, ನಡೆದಷ್ಟೂ ಮುಗಿಯದಂತಾಯಿತು. ಈ ಸಲ ನನಗೆ ಬೇಜಾರಾಗಲಿಲ್ಲ. ಬೆಟ್ಟದ ತುದಿಯಲ್ಲಿ ಏನಿದೆ ಎಂದು ಕೇಳಿದರೆ, "ಹತ್ತಿ ನೋಡು," ಎನ್ನುತ್ತಿದ್ದರು.

ಗೇಮಿನಲ್ಲಿ ನಾನಿನ್ನೂ ಅರ್ಧ ದಾರಿಯಲ್ಲಿದ್ದಾಗಲೇ ಸೆಂಟರ್ ಮುಚ್ಚಿತು. ಕಂಪ್ಯೂಟರುಗಳು, ಅವುಗಳೊಳಗಿದ್ದ ಆ ಗೇಮು ಎಲ್ಲಿಗೆ ಹೋದವೋ... ಮದುವೆಯಾಗಿ ಯಳಂದೂರಿಗೆ ಬಂದೆ. ಇಲ್ಲಿಂದ ಕೊಳ್ಳೇಗಾಲವೇನು ದೂರವಲ್ಲ. ಈ ವಾರ ಹೋಗೋಣ, ಬರುವ ವಾರ ಹೋಗೋಣ ಎನ್ನುತ್ತಲೇ ವರ್ಷಗಳು ಉರುಳಿದವು. ಹೋದ ವರ್ಷ ಅಕ್ಕ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಮಣ್ಣಾಗಿ ಮೂರು ದಿನವಾದ ಮೇಲೆ. ಆ ಬೆಟ್ಟದ ತುದಿಯಲ್ಲಿ ಅವರು ಏನಿಟ್ಟಿದ್ದರೋ, ಈಗ ಯಾರನ್ನು ಕೇಳಲಿ...