ಸಾಕು ಅನ್ನಲಾರದ ಕಾಲು

ಟೊಂಕದ ಆಪರೇಷನ್ ಆದ ಮರುದಿನ ನಾ ದವಾಖಾನಿಗೆ ಹೋದಾಗ ನಮ್ಮಕ್ಕ ಹಾಸಿಗಿ ಮ್ಯಾಲ ನಗಾಕತ್ತಿದ್ಲು. ಟೊಂಕದಿಂದ ಹಿಡಿದು ಹಿಮ್ಮಡದ ತನಕ ಎಳಿಯೋ ಬ್ಯಾನಿ ಹೋಗಿಬಿಟ್ಟಿತ್ತು. ಮಾನ್ವಿ ಬಸ್ ಸ್ಟ್ಯಾಂಡ್ ಕಡಿ ಒಂದು ಖಾನಾವಳಿಗೆ ಆಕಿ ಜ್ವಾಳದ ರೊಟ್ಟಿ ಮಾಡಿಕೊಡತಿದ್ಲು. ಒಲಿ ಮುಂದ ಕುಂತು ಕುಂತು ಬೆನ್ನೆಲುಬಿನ ಚಕ್ಕಿ ಜಾರಿ ನರದ ಮ್ಯಾಲ ಕುಂತಿತ್ತು. ನಿಂತ್ರೂ ಬ್ಯಾನಿ, ಮಲಗಿದ್ರೂ ಬ್ಯಾನಿ. ಅಂಥಾಕಿ ಅವತ್ತು ನನ್ನ ಕೈ ಹಿಡಕೊಂಡು, ದೇವರು ಕಣ್ಣು ಬಿಟ್ಟ ನೋಡು ಅಂದ್ಲು. ನಾನೂ ನಂಬಿದೆ.

ಎಬ್ಬಿಸಿ ನಡಸೋಮುಂದ ಗೊತ್ತಾತು. ಎಡಗಾಲಿನ ಚಪ್ಪಲಿ ಹಾಸಿಗಿ ಹತ್ರನ ಉಳಿದಿತ್ತು, ಅಕ್ಕ ಬಾಗಿಲ ತನಕ ಹೋಗಿದ್ಲು. ಚಪ್ಪಲಿ ಬಿಟ್ಟು ಹೋಗಿದ್ದು ಆಕಿಗೆ ಗೊತ್ತೇ ಇಲ್ಲ! ಪಾದ ಮ್ಯಾಲಕ್ಕ ಏಳವಲ್ದು, ಬೆರಳು ನೆಲಕ್ಕ ತಿಕ್ಕಾಕತ್ತಾವ. ಡಾಕ್ಟರು ಸೂಜಿ ತಂದು ಅಲ್ಲಲ್ಲಿ ಚುಚ್ಚಿ, ಹತ್ತತದೇನವ್ವಾ ಅಂತ ಕೇಳಿದ್ರು. ಅಕ್ಕ ಅವರ ಮಾರಿ ನೋಡಿದ್ಲೇ ಹೊರತು ಕಾಲು ನೋಡಲಿಲ್ಲ. ಚಕ್ಕಿ ತೆಗಿಯೋಮುಂದ ನರಕ್ಕ ಪೆಟ್ಟಾಗ್ಯದ, ಕೆಲವರಿಗೆ ಹಿಂಗ ಆಗತದ, ಸಹಿ ಮಾಡಿಸ್ಕೊಳ್ಳೋಮುಂದ ಹೇಳಿದ್ದೆವಲ್ಲ ಅಂದ್ರು. ಹೇಳಿದ್ರು, ಖರೆ. ಸ್ಟ್ರೆಚರ್ ಮ್ಯಾಲ ಹೊಂಟಾಗ ಹೇಳಿದ್ದು ಯಾರ ಕಿವಿಗೆ ಬೀಳತದ? ನರ ತಿಂಗಳಗಟ್ಟಲೆ ತಗೊಂಡು ಸುಧಾರಿಸಬಹುದು, ಸುಧಾರಿಸದೇನೂ ಇರಬಹುದು ಅಂದ್ರು. ಪಾದಕ್ಕೊಂದು ಬೆಲ್ಟ್ ಬರದ್ರು, ಗುಳಗಿ ಬರದ್ರು, ಬಗ್ಗಬ್ಯಾಡ, ಭಾರ ಎತ್ತಬ್ಯಾಡ ಅಂತ ಹೇಳಿ ಮನಿಗೆ ಕಳಸಿದ್ರು.

ನಾ ರಾಯಚೂರಾಗ ಸಾಲಿ ಕಲಸಾಕಿ, ದಿನಾ ಮಾನ್ವಿಗೆ ಹೋಗೋದು ಆಗತಿದ್ದಿಲ್ಲ. ನಮ್ಮ ಭಾವ ಅಕ್ಕಿ ಮಿಲ್ಲಿಗೆ ಹೋದ್ರ ಸಂಜಿಗೇ ಬರಾಂವ. ಹಿಂಗಾಗಿ ದೇವದುರ್ಗದಿಂದ ನಮ್ಮವ್ವ ಬಂದ್ಲು. ಬಂದಾಕಿ ಮೊದಲು ಮಾಡಿದ್ದು ಅಕ್ಕನ ಪಾದ ತೊಡಿ ಮ್ಯಾಲ ಇಟ್ಕೊಂಡು ಮುಟ್ಟಿದ್ದು. ತಣ್ಣಗ ಅದ, ರಕ್ತ ಆಡವಲ್ದು, ಕಾವು ಬೇಕು ಅಂದ್ಲು.

ನಮ್ಮ ಕಡಿ ಕಾವು ಕೊಡದ ಮನಿ ಇಲ್ಲ. ಬಾಣಂತಿ ಟೊಂಕಕ್ಕ ಕಾವು, ಉಳುಕಿದ ಕಾಲಿಗೆ ಕಾವು. ಇಟ್ಟಂಗಿ ಒಲ್ಯಾಗ ಕಾಸಿ, ಹಳೇ ಧೋತ್ರದಾಗ ಸುತ್ತಿ ಒತ್ತೋದು. ಅದಕ್ಕ ಒಂದೇ ಕಾಯ್ದೆ: ಕೊಡೋರು ಹತ್ತಿತೇನು ಅಂತ ಕೇಳತಿರಬೇಕು, ಕೊಡಿಸ್ಕೊಳ್ಳೋರು ಸಾಕು ಅಂದ ಕೂಡಲೇ ತೆಗಿಬೇಕು. ಎಷ್ಟು ಬಿಸಿ ಅನ್ನೋದು ಕೊಡೋರ ಕೈಗೆ ತಿಳಿಯಂಗಿಲ್ಲ, ರೊಟ್ಟಿ ಬಡದು ಬಡದು ಅವು ಕಲ್ಲಾಗಿರತಾವ. ಹುಟ್ಟಿದಾಗಿಂದ ನಾವಿಬ್ಬರೂ ಅವ್ವನ ಕೈಯಾಗ ಸಾಕು ಸಾಕು ಅನಕೋತನ ಬೆಳದವರು.

ಅಕ್ಕ ಸಾಕು ಅನಲಿಲ್ಲ. ಹ್ಯಾಂಗ ಅಂದಾಳು, ಆಕಿಗೆ ಏನೂ ಹತ್ತತಿದ್ದಿಲ್ಲ. ದಿನಾ ಸಂಜಿಗೆ ಅವ್ವ ಕೇಳಾಕಿ, ಅಕ್ಕ ಇಲ್ಲ ಬೇ ಅನ್ನಾಕಿ. ಒಂದಿನ ಅಕ್ಕನೇ ಇನ್ನಷ್ಟು ಕಾಸು ಅಂದ್ಲಂತ, ಚೂರರ ಬಿಸಿ ತಿಳದ್ರ ಕಾಲು ಬದಕ್ಯದ ಅಂತ ಗೊತ್ತಾಗತದ ಅಂತ. ಅವ್ವ ಕಾಸಿದ್ಲು. ಪಾದ ಎತ್ತಿ ಧೋತ್ರ ಸುತ್ತಿದ ಇಟ್ಟಂಗಿ ಮ್ಯಾಲ ಇಟ್ಟು, ಅದು ಆರೋತನ ಇಬ್ಬರೂ ನನ್ನ ಮದುವಿ ವಿಷಯ ಮಾತಾಡಿದ್ರಂತ.

ಐತವಾರ ನಾ ಹೋದಾಗ ಪಾದದ ತಳ ಪೂರಾ ಗುಳ್ಳಿ ಎದ್ದು ಒಡದು, ಬೆರಳು ಕರ್ರಗಾಗಿದ್ವು. ಅಕ್ಕ ಅದರ ಮ್ಯಾಲ ಅರಿಷಿಣ ಮೆತ್ತಿಕೊಂಡು ಚಾ ಕುಡಿಯಾಕತ್ತಿದ್ಲು, ಒಂದು ಸಲನೂ ಮಾರಿ ಕಿವುಚಲಿಲ್ಲ. ಬೈಬೇಕಂತ ಬಾಯಿ ತೆಗದೆ, ಯಾರಿಗೆ ಬೈಯಲಿ? ಹಡದಾಕಿಗೋ, ಸುಡಿಸ್ಕೊಂಡಾಕಿಗೋ? ಟಂಟಂ ತರಿಸಿ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ರಾಯಚೂರಿಗೆ ಕರಕೊಂಡು ಬಂದೆ.

ಅಷ್ಟರಾಗ ಕೀವು ಒಳಗ ಇಳಿದಿತ್ತು. ಹೆಬ್ಬೆರಳು, ಅದರ ಬಾಜೂಕಿನ ಎರಡು ಬೆರಳು ತೆಗೀಬೇಕು ಅಂದ್ರು. ಕಾಲುಂಗುರ ಬಾವಿನಾಗ ಸಿಕ್ಕಿ ಬರವಲ್ದಾಗಿತ್ತು, ಕತ್ತರಿಸಿ ತೆಗದು ನನ್ನ ಕೈಯಾಗ ಕೊಟ್ರು. ಡಾಕ್ಟರು ಸುಟ್ಟದ್ದು ಹ್ಯಾಂಗ ಅಂತ ಕೇಳಿದಾಗ ಅವ್ವ ಹೊರಗ ಬುತ್ತಿ ಹಿಡಕೊಂಡು ಕುಂತಿದ್ಲು. ಅಕ್ಕ ಖರೆ ಹೇಳಿ, ನಮ್ಮವ್ವಗ ಮಾತ್ರ ಹೇಳಬ್ಯಾಡ್ರಿ ಅಂತ ಕೈ ಮುಗದ್ಲು. ಅವರು ಕನ್ನಡಕ ತೆಗದು ಒರಸ್ಕೊಂಡ್ರು. ಅವ್ವಗ ನಾವು ಬ್ಯಾರೆನ ಹೇಳಿದ್ವಿ: ನರ ಸತ್ತಿದ್ದಕ್ಕ ಬೆರಳು ತಾವಾಗೇ ಕೊಳತಾವ, ಗುಳ್ಳಿನೂ ಅದರಿಂದನ ಎದ್ದಾವ. ಅವ್ವ ಹೂಂ ಅಂದ್ಲು. ಮುಂದ ಒಂದು ಮಾತೂ ಕೇಳಲಿಲ್ಲ. ಆಕಿ ನಂಬಿದ್ಲು ಅಂತ ನಮಗ ಸಮಾಧಾನ ಆತು.

ಕಾಲಿಗೆ ಜೀವ ಬರಲಿಲ್ಲ. ಅಕ್ಕ ಗ್ವಾಡಿ ಹಿಡಕೊಂಡು ಓಡಾಡಾಕತ್ತಿದ್ಲು. ರೊಟ್ಟಿ ಕೆಲಸ ಖಾನಾವಳಿಯವರು ಬ್ಯಾರೆಯವರಿಗೆ ಕೊಟ್ಟಿದ್ರು. ಅವ್ವ ದೇವದುರ್ಗಕ್ಕ ಹೊಳ್ಳಿ ಹೋಗಲೇ ಇಲ್ಲ. ಒಲಿ ಹಚ್ಚೋ ಕೆಲಸ ಮಾತ್ರ ಬಿಟ್ಟಿದ್ಲು, ಗ್ಯಾಸಿನ ಮ್ಯಾಲನ ಅಡಗಿ. ಮುಪ್ಪು, ಹೊಗಿ ಆಗಂಗಿಲ್ಲ ಅನ್ಕೊಂಡ್ವಿ.

ಹೋದ ಬ್ಯಾಸಗಿ ಸೂಟ್ಯಾಗ ನಾ ಅಲ್ಲೇ ಇದ್ದೆ. ಅಕ್ಕನ ಫೋನಿಗೆ ಟೊಂಕದ ಆಪರೇಷನ್ ಮಾಡಿದ ದವಾಖಾನಿಯಿಂದ ಒಬ್ಬಾಕಿ ಹುಡುಗಿ ಫೋನ್ ಮಾಡಿದ್ಲು. ಬೆನ್ನಿನ ಆಪರೇಷನ್ ಆದ ಮ್ಯಾಲ ಜನಕ್ಕ ಏನೇನು ತೊಂದ್ರಿ ಆಗತಾವ, ನರಗಳು ಹ್ಯಾಂಗ ಸುಧಾರಿಸತಾವ ಅಂತ ಸಂಶೋಧನೆ ನಡದದ, ಸ್ವಲ್ಪ ಕೇಳಬೇಕಿತ್ತು ಅಂದ್ಲು. ಅಕ್ಕನ ಕೈ ಹಿಟ್ಟಾಗಿತ್ತು, ಸ್ಪೀಕರ್ ಹಚ್ಚಿದ್ದೆ. ಅವ್ವ ಆ ಕಡಿ ಕುಂತು ಕಾಯಿಪಲ್ಲೆ ಸೋಸಾಕತ್ತಿದ್ಲು. ಕಾಲು ಜೋಮು ಅದೇನ್ರಿ? ಇಲ್ರಿ. ಪಾದ ಏಳತದೇನ್ರಿ? ಏಳತದ್ರಿ. ಗಾಯ ಗೀಯ ಏನರ ಆಗಿತ್ತೇನ್ರಿ? ಎಲ್ಲಾ ಆರಾಮ ಅದೀನ್ರಿ ಯವ್ವಾ, ನಿಮ್ಮ ಡಾಕ್ಟರು ದೇವರಂಥವ್ರು.

ಅವ್ವ ಎದ್ದು ಹೊರಗ ಹೋದ ಮ್ಯಾಲ ನನ್ನ ಸಿಟ್ಟು ನೆತ್ತಿಗೇರಿತು. ನಿನ್ನಂಥಾವರು ಎಲ್ಲಾರೂ ಆರಾಮ ಆರಾಮ ಅನಕೋತ ಕುಂತ್ರ ಅವರ ಸಂಶೋಧನೆದಾಗ ಏನು ಸುಡಗಾಡು ಸಿಗತದ, ನಾಳೆ ಇನ್ನೊಬ್ಬರ ಕಾಲು ಹಿಂಗ ಆದ್ರ ಯಾರು ಹೊಣಿ ಅಂತ ಜಗಳಾ ತಗದೆ. ಅಕ್ಕ ತಣ್ಣಗ ಅಂದ್ಲು, "ಅವ್ವ ಕೇಳಾಕತ್ತಿದ್ಲು ಬೇ. ಬೆರಳು ಹೋದ್ರ ನಡೀತದ. ಆಕಿಗೆ ಗೊತ್ತಾದ್ರ ಆಕಿ ಉಳಿಯಂಗಿಲ್ಲ."

ಮರುದಿನ ಮುಂಜಾನಿ ಅಕ್ಕ ಜಳಕಕ್ಕ ಹೋದಾಗ ಅವ್ವ ನನ್ನ ಬಾಜೂಕ ಬಂದು ಕುಂತ್ಲು. ನಿನ್ನಿ ಹುಡುಗಿಗೆ ಹಚ್ಚಿ ಕೊಡು ಅಂದ್ಲು. ಯಾಕ ಬೇ ಅಂದ್ರ ಹೇಳವಲ್ಲಳು. ಹಚ್ಚಿ ಕೊಟ್ಟೆ. ಫೋನ್ ಎರಡೂ ಕೈಯಾಗ ಹಿಡಕೊಂಡು, ದೊಡ್ಡ ದನಿಲೇ, ಯಾರ ಅವ್ವ ಅಂತ ಗುರುತು ಹೇಳಿ ಅಂದ್ಲು:

"ನನ ಮಗಳು ನಿನ್ನಿ ಸುಳ್ಳು ಹೇಳ್ಯಾಳ್ರಿ. ಆಕಿಗೆ ಮೂರು ಬೆರಳಿಲ್ಲ. ನಾನ ಸುಟ್ಟೀನಿ, ಇಟ್ಟಂಗಿ ಕಾಸಿ. ಬರಕೋರಿ. ಜೋಮು ಹಿಡಿದ ಕಾಲಿಗೆ ಕಾವು ಕೊಡಬ್ಯಾಡ್ರಿ ಅಂತ ಮನಿಗೆ ಕಳಸೋಮುಂದ ಹೇಳ್ರಿ. ಪೇಶಂಟಿಗೆ ಅಷ್ಟೇ ಅಲ್ಲ, ಆಕಿ ಅವ್ವಗ ಹೇಳ್ರಿ. ನನಗ ಯಾರೂ ಹೇಳಲಿಲ್ಲ."

ಆ ಹುಡುಗಿ ಏನಂದ್ಲೋ, ಅವ್ವ ಹೂಂ ಹೂಂ ಅಂದು ಫೋನ್ ನನಗ ಕೊಟ್ಲು. ತಿರುಗಿ ನೋಡಿದ್ರ ಅಕ್ಕ ಬಚ್ಚಲ ಬಾಗಿಲ ಚೌಕಟ್ಟು ಹಿಡಕೊಂಡು ನಿಂತಾಳ, ತೊಯ್ದ ಕೂದಲಿಂದ ನೀರು ಸೋರಾಕತ್ತದ. ಎಳಕೋತ ಬಂದು ಅವ್ವನ ಮುಂದ ಕುಂತು, ನೀ ಏನು ಮಾಡಿದಿ ಬೇ, ಇನ್ನಷ್ಟು ಕಾಸು ಅಂದಾಕಿ ನಾನ, ನನಗ ಹತ್ತಲಿಲ್ಲ ಅಂದ್ರ ನಿನಗ ಹ್ಯಾಂಗ ಗೊತ್ತಾಗಬೇಕು ಅಂತ ಅಳಾಕತ್ತಿದ್ಲು.

ಅವ್ವ ಅಳಲಿಲ್ಲ. ಸೆರಗಲೇ ಅಕ್ಕನ ತಲಿ ಒರಸಾಕತ್ತಿದ್ಲು.

"ನಿನಗ ಹತ್ತಲಿಲ್ಲ, ಖರೆ. ಸುಟ್ಟ ನಾತ ನನ್ನ ಮೂಗಿಗೆ ಬಂದಿತ್ತಲ್ಲ ಯವ್ವಾ. ಧೋತ್ರ ಸುಡಾಕತ್ತದ ಅನ್ಕೊಂಡೆ."