ಮೂರನೇ ರೇಡಿನ ಅಣ್ಣ

ಅವನ ಬೆರಳುಗಳ ಸೀಳಿನಲ್ಲಿ ಮೆಣಸಿನಕಾಯಿಯ ಕೆಂಪು ವರ್ಷವಿಡೀ ಕೂತಿರುತ್ತಿತ್ತು. ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ ಒಂದು ಗೆರೆ ಉಳಿದೇ ಉಳಿಯುತ್ತಿತ್ತು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಅಪ್ಪನ ಜೊತೆ ಚೀಲದ ಬಾಯಿ ಕಟ್ಟಿ, ಅದೇ ಕೈಯಲ್ಲಿ ಕಾಲೇಜಿಗೆ ಬರುತ್ತಿದ್ದ. ಒಮ್ಮೆ ಪಂದ್ಯದ ನಡುವೆ ರಾಣೆಬೆನ್ನೂರಿನ ಹುಡುಗನೊಬ್ಬ ಕಣ್ಣುಜ್ಜಿಕೊಳ್ಳುತ್ತ, “ಸರ, ಇಂವ ಕೈಗೆ ಖಾರ ಹಚ್ಕೊಂಡು ಬಂದಾನ್ರಿ” ಎಂದು ದೂರು ಕೊಟ್ಟ. ರೆಫ್ರಿ ಅವನ ಅಂಗೈ ಹಿಡಿದು ಮೂಸಿ ನೋಡಿದರು. ಮೂರು ಸಲ ಸೀನಿದರು.

“ಹೋಗಿ ತೊಳ್ಕೊಂಡು ಬಾರಪಾ.”

“ತೊಳಕೊಂಡ ಬಂದೇನ್ರಿ ಸರ. ಇದು ತೊಳದ ಮ್ಯಾಲೆ ಉಳದದ್ದರಿ” ಎಂದ ಅವನು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ಅವನು ನಮ್ಮ ಕಾಲೇಜಿನ ಕಬಡ್ಡಿ ತಂಡದಲ್ಲಿ ಕೊನೆಯ ವರ್ಷದವನು. ನಾನು ಕಾಗಿನೆಲೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಮೊದಲ ವರ್ಷದ ಹುಡುಗ. ಇಡೀ ತಂಡಕ್ಕೆ ಅವನು ಅಣ್ಣ. ನಾನು ಓಟದಲ್ಲಿ ಚುರುಕು, ಕಾಲು ಉದ್ದ, ಮೇಲಾಗಿ ನನ್ನ ಬಗ್ಗೆ ನನಗೆ ಬೇಕಾದಷ್ಟು ಅಭಿಮಾನ. ಹೀಗಾಗಿ ಬಂದ ತಿಂಗಳಲ್ಲೇ ಎದುರಾಳಿಯ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವ ಮುಖ್ಯ ರೇಡರ್ ಆಗಿಬಿಟ್ಟೆ. ಅವನು ಮಾಡುತ್ತಿದ್ದ ಕೆಲಸಕ್ಕೆ ಮಾತ್ರ ಹೆಸರೇ ಇರಲಿಲ್ಲ.

ಕಬಡ್ಡಿಯಲ್ಲಿ ಒಂದು ತಂಡದ ಸತತ ಎರಡು ರೇಡು ಬರಿಗೈಯಲ್ಲಿ ವಾಪಸಾದರೆ, ಮೂರನೆಯವನು ಅಂಕ ತರಲೇಬೇಕು. ತರದಿದ್ದರೆ ಅವನೇ ಔಟು. ಎದುರಾಳಿಗಳಿಗೂ ಅದು ಗೊತ್ತಿರುವುದರಿಂದ ಏಳೂ ಜನ ಬಲೆ ಹರಡಿದಂತೆ ಕೈಕೈ ಹಿಡಿದು ಕಾಯುತ್ತಿರುತ್ತಾರೆ. ಆ ಮೂರನೇ ರೇಡಿಗೆ ನಮ್ಮಲ್ಲಿ ಹೋಗುತ್ತಿದ್ದವನು ಅಣ್ಣ. ಸಿಕ್ಕಿಬಿದ್ದರೂ ಅವನು, ಎದೆಗೆ ಮೊಣಕೈ ತಿಂದರೂ ಅವನು. ಅವನು ಹೊರಗೆ ಕೂತರೆ ತಂಡಕ್ಕೆ ನಷ್ಟ ಕಡಿಮೆ, ನಾನು ಕೂತರೆ ಹೆಚ್ಚು ಎಂಬುದು ಅವನದೇ ಲೆಕ್ಕಾಚಾರ. ಅವನ ಮೇಲೆ ಬಿದ್ದು ಸುಸ್ತಾದವರ ನಡುವೆ ಮುಂದಿನ ರೇಡಿಗೆ ನಾನು ಗಾಳಿಯಂತೆ ನುಗ್ಗಿ ಇಬ್ಬರನ್ನು ಮುಟ್ಟಿ ಬರುತ್ತಿದ್ದೆ. ಚಪ್ಪಾಳೆ ನನಗೆ.

ಪತ್ರಿಕೆಯಲ್ಲಿ ನನ್ನ ಹೆಸರು ಬಂದ ದಿನ ಅವನು ಮಾರುಕಟ್ಟೆಯಿಂದಲೇ ಪೇಪರು ತಂದು ಎಲ್ಲರಿಗೂ ತೋರಿಸಿದ. “ನಂದೂ ಬಂದೈತಿ ನೋಡ್ರಿಲೇ. ಕಡೀಕ ‘ಮತ್ತಿತರರು’ ಅಂತ ಐತೆಲ್ಲ, ಅದು ನಾನ.” ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ವಯಸ್ಸಿನಲ್ಲಿ ನಗುವುದೆಷ್ಟು ಸುಲಭವಾಗಿತ್ತು ಎಂದು ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಪಂದ್ಯಕ್ಕೆ ಮುಂಚೆ ಅವನದೊಂದು ರೂಢಿಯಿತ್ತು. ಮ್ಯಾಟಿನ ಮೇಲೆ ಆಡುವಾಗ ಬೂಟು ಹಾಕಬೇಕು, ನನಗೆ ಬೂಟು ಹೊಸದು, ಲೇಸು ಕಟ್ಟಿದರೆ ಹತ್ತು ಹೆಜ್ಜೆಗೆ ಬಿಚ್ಚಿಕೊಳ್ಳುತ್ತಿತ್ತು. ಅಣ್ಣ ಮಂಡಿಯೂರಿ ಕೂತು ತಾನೇ ಕಟ್ಟುತ್ತಿದ್ದ. ಚೀಲದ ಬಾಯಿಗೆ ಹಾಕುವ ಗಂಟು ಅದು. ಲಾರಿಯ ಮೇಲಿಂದ ಚೀಲ ಎಸೆದರೂ ಬಿಚ್ಚಬಾರದು, ಹಾಗೆ ಎಳೆದಷ್ಟೂ ಬಿಗಿಯಾಗುವಂಥದು. ಯಾವ ಎಳೆ ಜಗ್ಗಿದರೆ ಸಡಿಲಾಗುತ್ತದೆ ಎಂಬುದು ಅವನೊಬ್ಬನಿಗೇ ಗೊತ್ತು. ಪಂದ್ಯ ಮುಗಿದ ಮೇಲೆ ಮತ್ತೆ ಅವನೇ ಬಂದು ಒಂದೇ ಎಳೆತಕ್ಕೆ ಬಿಚ್ಚುತ್ತಿದ್ದ. ನಾನು ಮಹಾರಾಜನ ಹಾಗೆ ಕಾಲು ಚಾಚಿ ಕೂತಿರುತ್ತಿದ್ದೆ.

ಆ ವರ್ಷದ ಅಂತರ ಕಾಲೇಜು ಫೈನಲ್ ಹಾವೇರಿಯಲ್ಲಿ. ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗರನ್ನು ಆರಿಸುವವರು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಆ ತಂಡದಲ್ಲಿ ಆಡಿದ ಪ್ರಮಾಣಪತ್ರವಿದ್ದರೆ ಕ್ರೀಡಾ ಕೋಟಾದಲ್ಲಿ ನೌಕರಿಗೆ ದಾರಿ. ಅಣ್ಣನಿಗೆ ಅದು ಕೊನೆಯ ಅವಕಾಶ, ನನಗೆ ಇನ್ನೂ ಎರಡು ವರ್ಷವಿತ್ತು.

ಬೆಳಿಗ್ಗೆ ಲೇಸು ಕಟ್ಟುತ್ತ ಅವನು ಮೆಲ್ಲಗೆ ಹೇಳಿದ: “ಸೆಮಿಫೈನಲ್‌ನಾಗ ಬಲಗಾಲ ಮಣಕಾಲು ತಿರುವೇತೋ. ಬಾತೈತಿ. ಸರ್‌ಗೆ ಹೇಳಿದ್ರ ಕುಂದ್ರಸ್ತಾರ. ಬಂದವರನ್ನ ಹಿಡಿಯೂದು ಹೆಂಗರ ಹಿಡೀತೇನಿ. ಇವತ್ತೊಂದಿನ ಮೂರನೇ ರೇಡು ನೀ ಹೋಗತೀಯೇನು?”

“ಹೋಗತೇನಣ್ಣ, ಅದೇನ್ ಹೇಳತಿ” ಎಂದೆ. ಖರೆ ಮನಸ್ಸಿನಿಂದಲೇ ಎಂದಿದ್ದೆ.

ಪಂದ್ಯದ ಕೊನೆಯ ನಿಮಿಷಗಳು. ಎರಡೂ ತಂಡ ಸಮಸಮ. ನಮ್ಮ ಎರಡು ರೇಡು ಖಾಲಿ ಬಂದಿದ್ದವು. ಈಗ ಮೂರನೆಯದು. ಎದುರು ಏಳು ಜನ ನಿಂತಿದ್ದರು. ರೆಫ್ರಿ ಸೀಟಿ ಊದಿದರು. ಐದು ಸೆಕೆಂಡಿನೊಳಗೆ ಯಾರಾದರೂ ಗೆರೆ ದಾಟಬೇಕು. ನಾನು ಮುಂದಿನ ಸಾಲಿನಲ್ಲಿ ಕೂತವರನ್ನು ನೋಡಿದೆ. ಅವರ ಕಣ್ಣೆದುರು ಏಳು ಜನರ ಕೆಳಗೆ ಬಿದ್ದು ಒದ್ದಾಡುವ ನನ್ನ ಚಿತ್ರ ತಲೆಯೊಳಗೆ ಬಂತು. ಥಟ್ಟನೆ ಬಗ್ಗಿದೆ. ಲೇಸು ಬಿಚ್ಚಿದೆಯೇನೋ ಎಂಬಂತೆ ಬೂಟಿಗೆ ಕೈ ಹಾಕಿದೆ.

ಲೇಸು ಬಿಚ್ಚಿರಲಿಲ್ಲ.

ನನ್ನ ಪಕ್ಕದಿಂದ ಅಣ್ಣನ ಕಾಲುಗಳು ಗೆರೆ ದಾಟಿದ್ದನ್ನು ಕಂಡೆ. ತಲೆ ಎತ್ತುವಷ್ಟರಲ್ಲಿ ಒಬ್ಬ ಪಾದ ಹಿಡಿದಿದ್ದ, ಇನ್ನಿಬ್ಬರು ಪಕ್ಕದಿಂದ ನುಗ್ಗಿ ಅದೇ ಮೊಣಕಾಲಿನ ಮೇಲೆ ಬಿದ್ದರು. ಒಂದು ಸದ್ದು ಬಂತು. ಅವನು ಕೂಗಲಿಲ್ಲ, ಎರಡೂ ಕೈಯಿಂದ ಮ್ಯಾಟು ಬಡಿದ, ಅಷ್ಟೆ. ಅವನನ್ನು ಹೊತ್ತು ಹೊರಗೆ ಒಯ್ದರು. ಮುಂದಿನ ರೇಡಿಗೆ ನಾನು ಹೋದೆ, ಇಬ್ಬರನ್ನು ಮುಟ್ಟಿ ಬಂದೆ. ಗೆದ್ದೆವು. ಹುಡುಗರು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಆವತ್ತು ಲೇಸು ಬಿಚ್ಚಲು ಯಾರೂ ಬರಲಿಲ್ಲ, ಬ್ಲೇಡಿನಿಂದ ಕತ್ತರಿಸಿಕೊಂಡೆ.

ನಾನು ಆಯ್ಕೆಯಾದೆ. ಆ ಪ್ರಮಾಣಪತ್ರದ ಮೇಲೆಯೇ ಈಗ ರಾಣೆಬೆನ್ನೂರಿನಲ್ಲಿ ಕಚೇರಿಯ ಫ್ಯಾನಿನ ಕೆಳಗೆ ಕೂತು ಉಣ್ಣುತ್ತಿದ್ದೇನೆ. ಅಣ್ಣನ ಮೊಣಕಾಲಿಗೆ ಆಪರೇಷನ್ ಆಯಿತು, ಪರೀಕ್ಷೆ ತಪ್ಪಿತು. ಚೀಲ ಹೊರಲಾಗದ ಕಾಲು. ಮಾರುಕಟ್ಟೆಯ ಮೂಲೆಯಲ್ಲಿ ಕೂತು ಹರಿದ ಚೀಲ ಹೊಲಿಯುವ ಕೆಲಸ ಹಿಡಿದ. ನೋಡಲು ಒಂದೇ ಸಲ ಹೋದೆ, ಹಣ್ಣು ಕೊಟ್ಟು ಬಂದೆ. ಆಮೇಲೆ ಬ್ಯಾಡಗಿಯ ಮೇಲೆ ಬಸ್ಸು ಹಾಯುವಾಗ ಮಾರುಕಟ್ಟೆಯ ಘಾಟಿಗೆ ಎಲ್ಲರೂ ಮೂಗು ಮುಚ್ಚಿದರೆ, ನಾನು ಮುಖವನ್ನೇ ಮುಚ್ಚಿಕೊಳ್ಳುತ್ತಿದ್ದೆ. ಹೇಡಿತನ ಒಂದು ಸಲ ಮಾಡಿದರೆ ಮುಗಿಯುವುದಿಲ್ಲ, ದಿನಾ ಮಾಡಬೇಕಾಗುತ್ತದೆ.

ಹೋದ ವರ್ಷ ಕರ್ಜಗಿಯ ಹುಡುಗರು ಕಬಡ್ಡಿ ಪಂದ್ಯಾವಳಿಗೆ ನನ್ನನ್ನು ಅತಿಥಿಯಾಗಿ ಕರೆದರು. ಅತಿಥಿಯೇ ಮೊದಲ ರೇಡು ಹಾಕಿ ಉದ್ಘಾಟಿಸಬೇಕಂತೆ. ಅಂಗಳಕ್ಕೆ ಹೋದರೆ ಒಬ್ಬ ಮನುಷ್ಯ ಕುಂಟುತ್ತ ಸುಣ್ಣದ ಗೆರೆ ಎಳೆಯುತ್ತಿದ್ದ. ಅಣ್ಣ. ಸುತ್ತಲಿನ ಊರುಗಳಲ್ಲಿ ಎಲ್ಲಿ ಪಂದ್ಯವಾದರೂ ಗೆರೆ ಹಾಕಲು ಅವನನ್ನೇ ಕರೆಯುತ್ತಾರೆಂದು ಆಮೇಲೆ ತಿಳಿಯಿತು.

ಅವನೇ ಹತ್ತಿರ ಬಂದ. ನನ್ನ ಹೊಟ್ಟೆ ನೋಡಿ, “ಭಾಳ ಅಂಕಾ ತಗೊಂಡಿ ಬಿಡಪಾ” ಎಂದ. ನಂತರ ನನ್ನ ಬೂಟಿನ ಸಡಿಲ ಲೇಸು ನೋಡಿ ನಾಲಗೆ ಲೊಚಗುಟ್ಟಿದ. ಮಂಡಿಯೂರಲು ಬರುವುದಿಲ್ಲ, ಬಲಗಾಲು ಉದ್ದಕ್ಕೆ ಚಾಚಿ ನೆಲದ ಮೇಲೆ ಕೂತು ನನ್ನ ಲೇಸಿಗೆ ಕೈ ಹಾಕಿದ. ಬೆರಳ ಸಂದಿಯಲ್ಲಿ ಅದೇ ಕೆಂಪಿತ್ತು.

ಇನ್ನು ತಡೆಯಲಾಗಲಿಲ್ಲ. “ಅಣ್ಣ, ಆವತ್ತ ಹಾವೇರಿಯಾಗ ನನ್ನ ಲೇಸು ಬಿಚ್ಚಿದ್ದಿಲ್ಲ.”

ಅವನು ತಲೆ ಎತ್ತಲಿಲ್ಲ. “ಗೊತ್ತೈತಿ. ನಾ ಕಟ್ಟಿದ ಗಂಟದು.”

“ಗೊತ್ತಿದ್ದೂ ಯಾಕ ಹೋದಿ?”

“ಮೂರನೇದಕ್ಕ ಯಾರರ ಹೋಗಬೇಕಲ್ಲೋ.” ಎಳೆ ಸುತ್ತಿ ಬಿಗಿದ. ಇನ್ನೊಂದು ಬೂಟಿಗೆ ಕೈ ಹಾಕಿ ಹೇಳಿದ: “ಕಾಲಿಂದು ಬಿಡು, ಆಟದಾಗ ಆಗ್ತೈತಿ. ಅಂಜಿಕಿ ಆಗೇತಣ್ಣ ಅಂತ ಒಂದು ಮಾತು ಅಂದಿದ್ರ, ನಾನ ನಕ್ಕೋಂತ ಹೋಗಿರ್ತಿದ್ದೆ. ನೀ ಬಗ್ಗಿ ಕುಂತಿ. ಆಮ್ಯಾಲೆ ಬರೂದನ್ನೂ ಬಿಟ್ಟಿ. ಅದೊಂದು ನನಗ ಭಾಳ ಕೆಟ್ಟನಿಸ್ತು ನೋಡು.”

ಏಳಲು ಕೈ ಚಾಚಿದ. ಎಬ್ಬಿಸಿದೆ. ಮೈಯ ಭಾರವೆಲ್ಲ ಎಡಗಾಲ ಮೇಲಿತ್ತು. “ಹೋಗು, ಮಂದಿ ಕಾಯಾಕತ್ತಾರ” ಎಂದ. ಗೆರೆ ದಾಟಿ ನಾಲ್ಕು ಸಲ ಕಬಡ್ಡಿ ಎಂದು ಅಲ್ಲಿಂದಲೇ ತಿರುಗಿ ಬಂದುಬಿಟ್ಟೆ. ಅತಿಥಿಗೆ ವಯಸ್ಸಾಯಿತೆಂದು ಜನ ನಕ್ಕರು. ಭಾಷಣ ಮುಗಿಸಿ ಕೆಳಗಿಳಿಯುವಷ್ಟರಲ್ಲಿ ಅವನು ಬಸ್ಸಿಗೆ ಹೋಗಿಬಿಟ್ಟಿದ್ದ.

ಮನೆಗೆ ಬಂದು ಬೂಟು ಕಳಚಲು ಕೂತೆ. ಯಾವ ಎಳೆ ಜಗ್ಗಿದರೂ ಗಂಟು ಇನ್ನಷ್ಟು ಬಿಗಿಯಿತು. ಹೆಂಡತಿ ಕತ್ತರಿ ತಂದಳು.

“ಬ್ಯಾಡ. ಬಿಚ್ಚಾವರು ಬ್ಯಾಡಗಿಯಾಗ ಅದಾರ” ಎಂದೆ.

ಒದ್ದಾಡಿ ಪಾದವನ್ನು ಹಾಗೇ ಹೊರಗೆಳೆದುಕೊಂಡೆ. ಮರುದಿನ ಬೆಳಿಗ್ಗೆ ಅದೇ ಬೂಟಿನೊಳಗೆ ಕಾಲು ತುರುಕಿ ಬ್ಯಾಡಗಿಯ ಬಸ್ಸು ಹತ್ತಿದೆ. ಮಾರುಕಟ್ಟೆಯ ಘಾಟು ಬಂದಾಗ ಎಲ್ಲರೂ ಮೂಗು ಮುಚ್ಚಿದರು. ನಾನು ಎದ್ದು ಬಾಗಿಲ ಬಳಿ ನಿಂತೆ.